ರೈಡರನ ದುಃಖವನ್ನು ಓದಿಸಿದ ಮೇಷ್ಟ್ರು

ಅಮೆರಿಕನ್ ಸಾಹಿತ್ಯದ ತರಗತಿಯಲ್ಲಿ ಓದಿದ ಎಷ್ಟೋ ಕೃತಿಗಳು ಪರೀಕ್ಷೆಯೊಂದಿಗೇ ಮರೆತುಹೋದವು. ವಿಲಿಯಂ ಫಾಕ್ನರ್ ಬರೆದ ‘ಪ್ಯಾಂಟಲೂನ್ ಇನ್ ಬ್ಲ್ಯಾಕ್’ ಕಥೆ ಮಾತ್ರ ನಮ್ಮ ಮೇಷ್ಟ್ರ ಧ್ವನಿಯೊಡನೆಯೇ ನನ್ನಲ್ಲಿ ಉಳಿದಿದೆ. 1940ರಲ್ಲಿ ಪತ್ರಿಕೆಯೊಂದರಲ್ಲಿ ಅಚ್ಚಾದ ಈ ಕಥೆ 1942ರಲ್ಲಿ ‘ಗೋ ಡೌನ್, ಮೋಸೆಸ್’ ಪುಸ್ತಕದಲ್ಲಿ ಸೇರಿತು.

ಅಮೆರಿಕದ ದಕ್ಷಿಣದ ಮಿಸಿಸಿಪಿ ರಾಜ್ಯದ ಮರದ ಮಿಲ್ಲಿನಲ್ಲಿ ದುಡಿಯುವ ಕಪ್ಪು ಯುವಕ ರೈಡರ್, ಮದುವೆಯಾದ ಆರೇ ತಿಂಗಳಿಗೆ ಹೆಂಡತಿ ಮ್ಯಾನಿಯನ್ನು ಮಣ್ಣು ಮಾಡುತ್ತಾನೆ. ಆಕೆಯೇ ಒಗೆದುಕೊಟ್ಟ ಬಟ್ಟೆ ತೊಟ್ಟು ನಿಂತವನು ಸಲಿಕೆ ಹಿಡಿದು ಬಿರುಸಿನಿಂದ ಮಣ್ಣೆಳೆಯುತ್ತಾನೆ, ಮರುದಿನವೇ ಕೆಲಸಕ್ಕೆ ಹೋಗುತ್ತಾನೆ, ಕುಡಿಯುತ್ತಾನೆ. ಕೊನೆಗೆ ವರ್ಷಗಳಿಂದ ಕಳ್ಳದಾಳ ಹಾಕಿ ಕೂಲಿಗಳ ದುಡ್ಡು ದೋಚುತ್ತಿದ್ದ ಬಿಳಿಯ ಕಾವಲುಗಾರನನ್ನು ಕೊಲ್ಲುತ್ತಾನೆ. ಸತ್ತವನ ಬಂಧುಗಳು ಜೈಲು ಸೇರಿದ್ದ ರೈಡರನನ್ನು ಎಳೆದೊಯ್ದು ಕಪ್ಪು ಮಕ್ಕಳ ಶಾಲೆಯ ಗಂಟೆಯ ಹಗ್ಗಕ್ಕೆ ನೇತುಹಾಕುತ್ತಾರೆ.

ಇದಾದ ಮೇಲೆ ಬಿಳಿಯ ಡೆಪ್ಯುಟಿ ಶೆರೀಫನೊಬ್ಬ (ಸ್ಥಳೀಯ ಪೊಲೀಸ್ ಅಧಿಕಾರಿ) ಸಿನಿಮಾಕ್ಕೆ ಹೊರಡುವ ಅವಸರದಲ್ಲಿರುವ ಹೆಂಡತಿಗೆ ಇದೇ ಸಂಗತಿಗಳನ್ನು ಹೇಳುವ ಎರಡನೆಯ ಭಾಗ ಬರುತ್ತದೆ. ಮೇಷ್ಟ್ರು ನಮ್ಮಲ್ಲಿ ಇಬ್ಬರನ್ನು ಎಬ್ಬಿಸಿ ನಿಲ್ಲಿಸಿ, ಒಬ್ಬರು ಮೊದಲ ಭಾಗದ ಒಂದು ಘಟನೆಯನ್ನು ಓದಿದೊಡನೆ ಇನ್ನೊಬ್ಬರು ಅದೇ ಘಟನೆಯನ್ನು ಡೆಪ್ಯುಟಿಯ ಮಾತಿನಲ್ಲಿ ಓದುವಂತೆ ಮಾಡಿದರು. ಎದೆಯೊಡೆದವನು ಎಳೆದ ಮಣ್ಣು ಡೆಪ್ಯುಟಿಯ ಕಣ್ಣಿಗೆ ಹೆಂಡತಿಯನ್ನು ಬೇಗ ಹೂಳುವ ಆತುರವಾಗಿ ಕಂಡಿತ್ತು. ಮರುದಿನದ ದುಡಿಮೆ ದುಃಖವೇ ಇಲ್ಲದ್ದಕ್ಕೆ ಪುರಾವೆಯಾಗಿತ್ತು. ಜೈಲಿನಲ್ಲಿ ನಗುತ್ತ, ದಳದಳನೆ ಕಣ್ಣೀರು ಸುರಿಸುತ್ತ, ಯೋಚನೆ ನಿಲ್ಲಿಸಲಾಗುತ್ತಿಲ್ಲವೆಂದು ರೈಡರ್ ಗೋಗರೆದದ್ದನ್ನು ಆತ ತನ್ನ ಬಾಯಿಂದಲೇ ಹೇಳುತ್ತಾನೆ, ಆದರೂ ಅದು ಅವನ ಕಿವಿಗೆ ಬೀಳುವುದಿಲ್ಲ. ಅವನ ಪಾಲಿಗೆ ಕಪ್ಪು ಜನರು ಮನುಷ್ಯರೇ ಅಲ್ಲ. ನನ್ನನ್ನು ಕೊಲೆಗಿಂತ ಹೆಚ್ಚು ಕಲಕಿದ್ದು ಈ ಕಿವುಡು.

ಕೊಂದವರು ಯಾರೆಂದು ಊರಿಗೆಲ್ಲ ತಿಳಿದಿದ್ದರೂ, ಸಾವು ‘ಅಪರಿಚಿತ ವ್ಯಕ್ತಿಗಳಿಂದ’ ಆಯಿತೆಂದು ತನಿಖೆ ಮುಗಿಯುತ್ತದೆ. ಇದು ಕಲ್ಪನೆಯಲ್ಲ, ಅಂದಿನ ದಕ್ಷಿಣದಲ್ಲಿ ಇಂಥ ಗುಂಪುಹತ್ಯೆಗಳ ವಿಚಾರಣೆಯ ಮಾಮೂಲು ಷರಾ ಎಂದು ಮೇಷ್ಟ್ರು ವಿವರಿಸಿದರು. ಫಾಕ್ನರ್ ಬೆಳೆದ, ಮಿಸಿಸಿಪಿಯ ಆಕ್ಸ್‌ಫರ್ಡ್ ಪಟ್ಟಣದಲ್ಲೇ 1908ರಲ್ಲಿ ಗುಂಪೊಂದು ಜೈಲಿಗೆ ನುಗ್ಗಿ ನೆಲ್ಸ್ ಪ್ಯಾಟನ್ ಎಂಬ ಕಪ್ಪು ಕೈದಿಯನ್ನು ಕೊಂದಿತ್ತು.

ಬಿಳಿಯ ಲೇಖಕನಾದ ಫಾಕ್ನರ್ ರೈಡರನ ಒಳಗನ್ನು ಬಲ್ಲನೇ ಎಂದು ಸಹಪಾಠಿಯೊಬ್ಬಳು ಕೇಳಿದಳು. ಮೇಷ್ಟ್ರು ವಾದಕ್ಕಿಳಿಯದೆ, ಪ್ರಶ್ನೆ ನ್ಯಾಯವಾದದ್ದೆಂದು ಒಪ್ಪಿ, ಮುಂದಿನ ತರಗತಿಗೆ ಮಿಸಿಸಿಪಿಯಲ್ಲೇ ಹುಟ್ಟಿದ ಕಪ್ಪು ಲೇಖಕ ರಿಚರ್ಡ್ ರೈಟ್‌ನ 1938ರ ಕಥಾಸಂಕಲನವನ್ನು ತಂದು ಅವಳ ಕೈಗಿತ್ತು, ಮೊದಲ ಕಥೆಯನ್ನು ಅವಳಿಂದಲೇ ಓದಿಸಿದರು.