ಅಪ್ಪನ ಜೊತೆ ಕೂತು ಹಾಕಿದ ಐ-10 ಪ್ಲಾನ್

ಅಮೆರಿಕದ ಐ-10 ಹೆದ್ದಾರಿ ಶುರುವಾಗುವುದು ನಮ್ಮ ಊರಿನಲ್ಲೇ. ಫ್ಲೋರಿಡಾದ ಜಾಕ್ಸನ್‌ವಿಲ್‌ನಲ್ಲಿ ಐ-95 ಹೆದ್ದಾರಿ ಬಿಟ್ಟು ಪಶ್ಚಿಮಕ್ಕೆ ತಿರುಗಿದರೆ, ಎಂಟು ರಾಜ್ಯ ದಾಟಿ, ಸುಮಾರು 2,460 ಮೈಲಿ, ಅಂದರೆ ಹತ್ತಿರ ಹತ್ತಿರ 3,960 ಕಿಲೋಮೀಟರ್ ಆದ ಮೇಲೆ ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾದಲ್ಲಿ ಸಮುದ್ರದ ಪಕ್ಕ ಮುಗಿಯುತ್ತದೆ. ತಂಗಿ ಇರುವುದು ಆ ತುದಿಯಲ್ಲಿ, ಲಾಸ್ ಏಂಜಲಿಸ್ ಕಡೆ. ಅಪ್ಪ ಅಮ್ಮ ಈ ಸಲ ಚಳಿಗಾಲದಲ್ಲೇ ಬಂದರು. ಮೊದಲು ನಮ್ಮ ಮನೆ, ಆಮೇಲೆ ಅವಳ ಮನೆ. ವಿಮಾನ ಹತ್ತಿಸಿದರೆ ಒಂದು ದಿನದ ಕೆಲಸ. ಆದರೆ ಅಪ್ಪ ವರ್ಷಗಟ್ಟಲೆ ಸಾರಿಗೆ ಸಂಸ್ಥೆಯ ಬಸ್ ಓಡಿಸಿದವರು, ಹುಬ್ಬಳ್ಳಿ-ಬೆಂಗಳೂರು ರಾತ್ರಿ ಬಸ್ಸಿನ ಡ್ರೈವರ್. "ಇಷ್ಟು ದೂರ ಬಂದಿದ್ದೀವಿ, ಈ ದೇಶದ ರಸ್ತೆ ನೋಡದೆ ಹೋಗೋದಾ?" ಅಂದರು. ನನಗೂ ಅದೇ ಆಸೆ ಇತ್ತು.

ಒಂದು ಭಾನುವಾರ ತಿಂಡಿ ಮುಗಿಸಿ, ಊಟದ ಮೇಜಿನ ಮೇಲೆ ದೊಡ್ಡ ಕಾಗದದ ಮ್ಯಾಪ್ ಹರಡಿಕೊಂಡು ಎಲ್ಲರೂ ಕೂತೆವು. ದಾರಿ ತೋರಿಸೋಕೆ ಫೋನ್ ಸಾಕು. ಆದರೆ ನಾಲ್ಕು ಜನ ಒಟ್ಟಿಗೆ ಬಗ್ಗಿ ನೋಡಿ ಮಾತಾಡೋಕೆ ಕಾಗದವೇ ಬೇಕು. ನನ್ನ ಗಂಡ ಲ್ಯಾಪ್‌ಟಾಪ್ ತೆಗೆದು ಹೋಟೆಲ್ ಹುಡುಕಲು ಶುರು ಮಾಡಿದರು.

ಅಪ್ಪ ಹೋಟೆಲ್ ಕೇಳಲಿಲ್ಲ, ನೋಡುವ ಜಾಗ ಕೇಳಲಿಲ್ಲ. "ಸೂರ್ಯ ಯಾವ ಕಡೆ ಇರ್ತಾನೆ?" ಅಂದರು.

ಪೂರ್ವದಿಂದ ಪಶ್ಚಿಮಕ್ಕೆ ಹೋಗುವಾಗ ಮಧ್ಯಾಹ್ನದ ಮೇಲೆ ಬಿಸಿಲು ನೇರವಾಗಿ ಡ್ರೈವರ್ ಕಣ್ಣಿಗೆ ಹೊಡೆಯುತ್ತದೆ. ಇಡೀ ದಾರಿ ಹಾಗೇ. "ನೋಡಮ್ಮ, ಬೆಳಗ್ಗೆ ಬೇಗ ಬಿಡಿ, ಬಿಸಿಲು ಬೆನ್ನಿಗಿರಲಿ. ಮೂರು ಗಂಟೆ ಮೇಲೆ ಸ್ಟೇರಿಂಗ್ ಹಿಡಿಯೋದು ಬೇಡ" ಅಂತ ಹೇಳಿ, ಮ್ಯಾಪಿನ ಮೂಲೆಯಲ್ಲಿ ಪೆನ್ಸಿಲ್‌ನಿಂದ 3 ಅಂತ ಬರೆದು ಸುತ್ತ ಗೆರೆ ಎಳೆದರು. ನಮ್ಮ ಪೂರ್ತಿ ಪ್ಲಾನ್ ನಿಂತಿರುವುದು ಆ ಒಂದು ಅಂಕಿಯ ಮೇಲೆ. ದಿನಕ್ಕೆ ಆರು ಗಂಟೆಗಿಂತ ಜಾಸ್ತಿ ಓಡಿಸುವುದಿಲ್ಲ. ನಾನೂ ಇವರೂ ಎರಡೆರಡು ಗಂಟೆಗೆ ಬದಲಾಗುತ್ತೇವೆ. ಹಾಗೆ ಬದಲಾಗುವಾಗಲೆಲ್ಲ ಅಮ್ಮ ಇಳಿದು ಹತ್ತು ನಿಮಿಷ ನಡೆಯಬೇಕು, ಅವರ ಮಂಡಿಗೆ ಅದು ಬೇಕೇ ಬೇಕು.

ಗಡಿಯಾರದ ಲೆಕ್ಕ ಬೇರೆ ಇದೆ. ಈ ದಾರಿಯಲ್ಲಿ ನಾಲ್ಕು ಟೈಮ್ ಜೋನ್ ಬರುತ್ತವೆ, ಪಶ್ಚಿಮಕ್ಕೆ ಹೋದಂತೆ ಒಟ್ಟು ಮೂರು ಗಂಟೆ ನಮ್ಮ ಕೈಗೆ ಸಿಗುತ್ತದೆ. ಅಪ್ಪನ ಸಕ್ಕರೆ ಮಾತ್ರೆಗೆ ಮಾತ್ರ ಇದು ತೊಂದರೆ. ಹೊಟ್ಟೆಗೆ ಹಳೇ ಟೈಮಿಗೇ ಹಸಿವಾಗುತ್ತದೆ ಅಲ್ವಾ? ಅದಕ್ಕೆ ಅವರ ಕೈಗಡಿಯಾರವನ್ನು ಕೊನೆವರೆಗೂ ಜಾಕ್ಸನ್‌ವಿಲ್ ಟೈಮಿನಲ್ಲೇ ಇಟ್ಟು, ಮಾತ್ರೆ, ಊಟ ಎಲ್ಲ ಅದರ ಪ್ರಕಾರವೇ ಅಂತ ತೀರ್ಮಾನಿಸಿದೆವು.

ಹೆದ್ದಾರಿಗಳ ನಂಬರಿನ ಕ್ರಮ ಅಪ್ಪನಿಗೆ ತುಂಬಾ ಹಿಡಿಸಿತು. ಪೂರ್ವ-ಪಶ್ಚಿಮ ಹೋಗುವವು ಸಮ ಸಂಖ್ಯೆ, ದಕ್ಷಿಣದಿಂದ ಉತ್ತರಕ್ಕೆ ಏರುತ್ತವೆ, ಆದ್ದರಿಂದ 10 ಅಂದರೆ ದಕ್ಷಿಣದ ಅಂಚು. ಮೈಲಿ ಲೆಕ್ಕ ಪ್ರತಿ ರಾಜ್ಯದ ಪಶ್ಚಿಮ ಗಡಿಯಿಂದ ಶುರು, ಹೆದ್ದಾರಿಯಿಂದ ಹೊರಗೆ ಇಳಿಯುವ ಎಕ್ಸಿಟ್‌ಗಳಿಗೂ ಆ ಮೈಲಿಯದೇ ನಂಬರ್. ನಾವು ಹೋಗುವ ದಿಕ್ಕಿನಲ್ಲಿ ಎಕ್ಸಿಟ್ ನಂಬರ್ ಇಳಿಯುತ್ತಾ ಹೋಗಿ ಸೊನ್ನೆಯಾದರೆ ಆ ರಾಜ್ಯ ಮುಗಿಯಿತು. ಲೂಯಿಸಿಯಾನ ದಾಟಿ ಟೆಕ್ಸಸ್‌ಗೆ ಕಾಲಿಟ್ಟ ಕೂಡಲೇ ಸಿಗುವ ಎಕ್ಸಿಟ್ 880. ಅದನ್ನು ಕೇಳಿ ಅಪ್ಪ ಕನ್ನಡಕ ತೆಗೆದು ಮ್ಯಾಪನ್ನು ಇನ್ನೊಮ್ಮೆ ನೋಡಿದರು. ಒಂದೇ ರಾಜ್ಯದೊಳಗೆ 1,400 ಕಿಲೋಮೀಟರ್! ಬೆಂಗಳೂರಿನಿಂದ ಮುಂಬೈಯೇ ಸಾವಿರದ ಆಸುಪಾಸು. ಟೆಕ್ಸಸ್‌ನ ಪಶ್ಚಿಮ ತುದಿಯ ಎಲ್ ಪಾಸೊಗೆ, ಅದೇ ರಾಜ್ಯದ ಹೂಸ್ಟನ್‌ಗಿಂತ ಪೆಸಿಫಿಕ್ ತೀರದ ಸ್ಯಾನ್ ಡಿಯೇಗೊ ಹತ್ತಿರ.

ಹಾಗಾಗಿ ಬೇರೆಲ್ಲ ರಾಜ್ಯ ಬಿಟ್ಟು ಮೊದಲು ಟೆಕ್ಸಸ್ ಹಂಚಿದೆವು. ಹೂಸ್ಟನ್ ಪಕ್ಕದ ಪೇರ್‌ಲ್ಯಾಂಡ್‌ನಲ್ಲಿ ಮೀನಾಕ್ಷಿ ದೇವಸ್ಥಾನ ಇದೆ, ಅಲ್ಲಿ ಒಂದು ದಿನ ಪೂರ್ತಿ ವಿಶ್ರಾಂತಿ, ಇದು ಅಮ್ಮನ ಪಾಲು. ಆಮೇಲೆ ಸ್ಯಾನ್ ಆಂಟೋನಿಯೊ. ಅಲ್ಲಿನ ಹಳೇ ಸ್ಪ್ಯಾನಿಷ್ ಮಿಷನ್‌ಗಳು, ಅಂದರೆ ಪಾದ್ರಿಗಳು ಕಟ್ಟಿದ ಚರ್ಚ್ ನೆಲೆಗಳು, 2015ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿವೆ, ಅರ್ಧ ದಿನ ಅದಕ್ಕೆ. ಅಲ್ಲಿಂದ ಫೋರ್ಟ್ ಸ್ಟಾಕ್ಟನ್‌ವರೆಗಿನ 300 ಮೈಲಿಯೇ ನಿಜವಾಗಿ ಯೋಚನೆ ಮಾಡಬೇಕಾದ ಭಾಗ. ಒಜೋನಾ ದಾಟಿದ ಮೇಲೆ ನೂರು ಮೈಲಿಗೂ ಜಾಸ್ತಿ ಹೇಳಿಕೊಳ್ಳುವಂಥ ಊರಿಲ್ಲ. ವೇಗದ ಮಿತಿ ಗಂಟೆಗೆ 80 ಮೈಲಿ, ಆ ವೇಗದಲ್ಲಿ ಎದುರುಗಾಳಿ ಸಿಕ್ಕರೆ ಪೆಟ್ರೋಲ್ ಬೇಗ ಖಾಲಿಯಾಗುತ್ತದೆ. ಅರ್ಧ ಟ್ಯಾಂಕಿಗೆ ಬಂದ ತಕ್ಷಣ ತುಂಬಿಸುವುದು, ತಲೆಗೆ ಒಂದು ಗ್ಯಾಲನ್ ನೀರು ಡಿಕ್ಕಿಯಲ್ಲಿ, ಮ್ಯಾಪ್ ಫೋನಿಗೆ ಮೊದಲೇ ಇಳಿಸಿಕೊಳ್ಳುವುದು. ಇಷ್ಟನ್ನು ಬರೆದುಕೊಂಡೆ.

ಲೂಯಿಸಿಯಾನದಲ್ಲಿ ಅಪ್ಪ ಕಾಯುತ್ತಿರುವುದು ಒಂದು ಸೇತುವೆಗೆ. ಬ್ಯಾಟನ್ ರೂಜ್ ಮತ್ತು ಲಫಾಯೆಟ್ ನಡುವೆ ಅಚಾಫಲಾಯ ಜೌಗಿನ ಮೇಲೆ 18 ಮೈಲಿ ಉದ್ದ ಓಡುವ ಸೇತುವೆ, 1973ರಲ್ಲಿ ತೆರೆದದ್ದು. ನಡುವೆ ಇಳಿಯಲು ಜಾಗ ಕಡಿಮೆ, ಏರುವ ಮೊದಲೇ ಎಲ್ಲರೂ ಬಾತ್‌ರೂಮಿಗೆ ಹೋಗಿ ಬರಬೇಕು ಅಂತ ಅಮ್ಮ ತಾವಾಗಿಯೇ ಪಟ್ಟಿಗೆ ಸೇರಿಸಿದರು.

ಧೂಳಿನ ವಿಷಯಕ್ಕೆ ಒಳ್ಳೆ ಚರ್ಚೆ ಆಯಿತು. ನ್ಯೂ ಮೆಕ್ಸಿಕೊದ ಲಾರ್ಡ್ಸ್‌ಬರ್ಗ್ ಹತ್ತಿರ, ಆಮೇಲೆ ಅರಿಜೋನದಲ್ಲಿ ಟೂಸಾನ್ ಮತ್ತು ಫೀನಿಕ್ಸ್ ನಡುವೆ, ಗಾಳಿ ಎದ್ದರೆ ಕ್ಷಣದಲ್ಲಿ ಮುಂದಿನ ಗಾಡಿ ಕಾಣುವುದಿಲ್ಲ. ಅರಿಜೋನದ ಸಾರಿಗೆ ಇಲಾಖೆ ಹೇಳುವುದು ಹೀಗೆ: ರಸ್ತೆಯಿಂದ ಆದಷ್ಟು ಹೊರಗೆ ನಿಲ್ಲಿಸಿ, ಎಲ್ಲ ಲೈಟ್ ಆರಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಬ್ರೇಕ್ ಮೇಲಿನ ಕಾಲು ತೆಗೆಯಿರಿ. ಅಪ್ಪ ಒಪ್ಪಲಿಲ್ಲ. ಮಂಜಿನಲ್ಲಿ ನಾವು ಇಂಡಿಕೇಟರ್ ಹಾಕುತ್ತೇವೆ, ಇದೇನು ಲೈಟ್ ಆರಿಸೋದು? ಕಾರಣ ಓದಿ ಹೇಳಿದೆ. ಹಿಂದಿನಿಂದ ಬರುವವನು ಕೆಂಪು ಲೈಟ್ ನೋಡಿ ಅದೇ ರಸ್ತೆ ಅಂದುಕೊಂಡು ಹಿಂಬಾಲಿಸಿ ಬಂದು ಗುದ್ದುತ್ತಾನೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಅದು ಹೌದು" ಅಂದರು. ಇಷ್ಟು ವರ್ಷ ಬಸ್ ಓಡಿಸಿದವರು ಕಾರಣ ಕೇಳಿ ಒಪ್ಪಿದ್ದು ನನಗೆ ಬಹಳ ಹಿತವೆನಿಸಿತು.

ಇನ್ನು ಕರಿಬೇವು. ನಮ್ಮ ಹಿತ್ತಲಲ್ಲಿ ಕುಂಡದಲ್ಲಿ ಚೆನ್ನಾಗಿ ಚಿಗುರಿದ ಗಿಡ ಇದೆ, ಅದನ್ನು ತಂಗಿಗೆ ಒಯ್ಯಬೇಕು ಅಂತ ಅಮ್ಮ ಬಂದ ದಿನದಿಂದ ಹೇಳುತ್ತಿದ್ದರು. ಒಯ್ಯುವ ಹಾಗಿಲ್ಲ. ಕಿತ್ತಳೆ, ನಿಂಬೆ ಗಿಡಗಳನ್ನು ಹಾಳು ಮಾಡುವ ಗ್ರೀನಿಂಗ್ ರೋಗ ಫ್ಲೋರಿಡಾದಲ್ಲಿ 2005ರಲ್ಲಿ ಕಂಡಿತು. ಅದನ್ನು ಹರಡುವ ಪುಟ್ಟ ಕೀಟಕ್ಕೆ ಕರಿಬೇವು ಬಹಳ ಇಷ್ಟದ ಗಿಡ. ಆದ್ದರಿಂದ ಫ್ಲೋರಿಡಾದಿಂದ ಗಿಡವೂ ಹಸಿ ಎಲೆಯೂ ಹೊರಗೆ ಹೋಗಬಾರದು. ಕ್ಯಾಲಿಫೋರ್ನಿಯಾಗೆ ಹೊಕ್ಕ ಕೂಡಲೇ ಬ್ಲೈತ್‌ನಲ್ಲಿ ಕೃಷಿ ತಪಾಸಣೆಯವರು ಗಾಡಿ ನಿಲ್ಲಿಸಿ ಹಣ್ಣು, ಗಿಡ ಇದೆಯಾ ಅಂತ ಕೇಳುತ್ತಾರೆ. ಅಮ್ಮನಿಗೆ ಬೇಜಾರಾಯಿತು. ಆದರೆ ಅವರೂ ರೈತರ ಮನೆ ಮಗಳು, ತೋಟಕ್ಕೆ ರೋಗ ಬಂದರೆ ಏನಾಗುತ್ತದೆ ಅಂತ ಗೊತ್ತು. "ಬೇಡ ಬಿಡು, ಅವಳು ಅಲ್ಲೇ ನರ್ಸರಿಯಲ್ಲಿ ತಗೊಳ್ಲಿ" ಅಂದು, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ ಎಷ್ಟು ಬೇಕು ಅಂತ ಲೆಕ್ಕ ಹಾಕಲು ಎದ್ದರು. ಪುಟ್ಟ ರೈಸ್ ಕುಕ್ಕರ್ ಬರುತ್ತದೆ.

ಕಾಗದಪತ್ರ ಒಂದೇ ಫೋಲ್ಡರಿನಲ್ಲಿ, ಮುಂದಿನ ಸೀಟಿನ ಹತ್ತಿರ. ಲಾಸ್ ಕ್ರೂಸಸ್ ದಾಟಿದ ಮೇಲೆ ಹೆದ್ದಾರಿಯಲ್ಲೇ ಗಡಿ ಪೊಲೀಸರ ತಪಾಸಣೆ ಇರುತ್ತದೆ. ನಾವು ಕೆಲಸದ ವೀಸಾದಲ್ಲಿ, ಅವರು ಪ್ರವಾಸಿ ವೀಸಾದಲ್ಲಿ. ನಾಲ್ಕು ಪಾಸ್‌ಪೋರ್ಟೂ ಅಸಲಿಯೇ ಬೇಕು.

ಗ್ರ್ಯಾಂಡ್ ಕ್ಯಾನಿಯನ್ ಬಿಟ್ಟೆವು. ಹೇಳಿದವರೆಲ್ಲ ಅದನ್ನು ಬಿಡಬೇಡಿ ಅಂದರು. ಆದರೆ ಅದು ಫೀನಿಕ್ಸ್‌ನಿಂದ ಉತ್ತರಕ್ಕೆ ಮೂರೂವರೆ ಗಂಟೆ, ಹೋಗಿ ಬರುವುದರಲ್ಲಿ ಎರಡು ದಿನ, ಮಾರ್ಚ್‌ನಲ್ಲಿ ಅಲ್ಲಿ ಹಿಮ ಇರಬಹುದು. ಅದರ ಬದಲು ಲಾಸ್ ಕ್ರೂಸಸ್‌ನಿಂದ ಒಂದು ಗಂಟೆಯೊಳಗೆ ಸಿಗುವ ವೈಟ್ ಸ್ಯಾಂಡ್ಸ್ ಇಟ್ಟುಕೊಂಡೆವು, ಜಿಪ್ಸಮ್‌ನ ಬಿಳಿ ಮರಳಿನ ದಿಬ್ಬಗಳು. ಪಕ್ಕದಲ್ಲೇ ಕ್ಷಿಪಣಿ ಪರೀಕ್ಷೆಯ ಜಾಗ ಇರುವುದರಿಂದ ಒಮ್ಮೊಮ್ಮೆ ರಸ್ತೆ ಮುಚ್ಚುತ್ತಾರೆ, ಹಿಂದಿನ ದಿನವೇ ನೋಡಿಕೊಳ್ಳಬೇಕು. ಅರಿಜೋನದಲ್ಲಿ ಟೆಕ್ಸಸ್ ಕ್ಯಾನಿಯನ್ ಅನ್ನೋ ಜಾಗ ಹೆದ್ದಾರಿ ಪಕ್ಕದಲ್ಲೇ ಬರುತ್ತದೆ. ಫೋಟೋ ನೋಡಿದ ಅಪ್ಪ "ಇದು ಹಂಪಿ ಬಂಡೆ ಇದ್ದಂಗಿದೆಯಲ್ಲಮ್ಮ!" ಅಂದರು. ಬಂಡೆ ಮೇಲೆ ಬಂಡೆ, ಹಾಗೇ. ಅಲ್ಲಿ ಅಮ್ಮನ ಪುಳಿಯೋಗರೆ ಊಟ.

ಮಾರ್ಚ್ ಮೂರನೇ ವಾರ ಹೊರಡುತ್ತೇವೆ. ಚಂಡಮಾರುತದ ಕಾಲ ಜೂನ್‌ನಿಂದ, ಅರಿಜೋನದ ಸುಡುವ ಬಿಸಿಲೂ ಹೆಚ್ಚು ಕಡಿಮೆ ಆಗಲೇ, ಎರಡಕ್ಕೂ ಮೊದಲೇ ಮುಗಿಯುತ್ತದೆ. ರೂಮುಗಳೆಲ್ಲ ಹಿಂದಿನ ದಿನದವರೆಗೂ ರದ್ದು ಮಾಡಬಹುದಾದವು, ಎಲ್ಲವೂ ನೆಲಮಹಡಿಯಲ್ಲಿ. ಅಪ್ಪ ಸ್ಟೇರಿಂಗ್ ಹಿಡಿಯುವುದಿಲ್ಲ ಅಂತ ಅವರೇ ಹೇಳಿದ್ದಾರೆ. ಬಲಗಡೆಯ ರಸ್ತೆ ಅಭ್ಯಾಸವಿಲ್ಲ ಅಂತ. ಮುಂದಿನ ಸೀಟು, ಮೈಲಿ ಬರೆಯುವ ನೋಟ್‌ಬುಕ್ಕು, ಪೆಟ್ರೋಲ್ ಲೆಕ್ಕ ಅವರದ್ದು. ಈ ವಾರ ಹಿಂದಿನ ಎರಡು ಟೈರ್ ಬದಲಿಸಬೇಕು, ಸ್ಟೆಪ್ನಿಗೆ ಗಾಳಿ ಹಿಡಿಸಬೇಕು. ಗ್ಯಾರೇಜಿಗೆ ತಾವೂ ಬರುತ್ತೇನೆ ಅಂದಿದ್ದಾರೆ.