ಲಿವರ್‌ಗೆ ಕಾಯುವ ಮನೆಯಲ್ಲೊಂದು ನೋಟ್‌ಬುಕ್

ಲಿವರ್ ಕಸಿಯ ಪಟ್ಟಿಗೆ ಹೆಸರು ಸೇರಿದ ಮೇಲೆ ಮನೆಯವರು ಮೊದಲು ತರಬೇಕಾದದ್ದು ಒಂದು ನೋಟ್‌ಬುಕ್. ದಿನಾ ಬೆಳಿಗ್ಗೆ ರೋಗಿಯ ಕೈಲೇ ಹೆಸರು, ಊರು, ತಾರೀಖು ಬರೆಸಿ. ‘ಮಧುಗಿರಿ’ ಎಂದು ದುಂಡಗೆ ಬರೆಯುತ್ತಿದ್ದವರಿಗೆ ಒಂದು ದಿನ ಧುವಿನ ಕೊಂಬು ಎಲ್ಲೋ, ಗಿಯ ಗುಡಿಸು ಎಲ್ಲೋ ಆದರೆ ಅದೇ ಮೆದುಳು ಮಂಕಾಗುತ್ತಿರುವುದರ ಸುಳಿವು. ಸೋತ ಲಿವರ್ ಅಮೋನಿಯಾ ಎಂಬ ವಿಷವನ್ನು ತೆಗೆಯಲಾರದು, ಅದು ರಕ್ತದ ಜೊತೆ ಮೆದುಳಿಗೆ ಹೋಗುತ್ತದೆ. ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಎಚ್ಚರ, ಸಣ್ಣದಕ್ಕೂ ಸಿಟ್ಟು. ಎರಡೂ ಕೈ ಮುಂದೆ ಚಾಚಿ, ‘ನಿಲ್ಲು’ ಎಂದು ತೋರಿಸುವಂತೆ ಮಣಿಕಟ್ಟಿನಿಂದ ಅಂಗೈ ಮೇಲಕ್ಕೆ ಮಡಿಸಿ ಹಿಡಿಯಲು ಹೇಳಿ. ಕೈ ರೆಕ್ಕೆ ಬಡಿದಂತೆ ಅದುರಿದರೆ ತಡಮಾಡದೆ ಆಸ್ಪತ್ರೆಗೆ ಫೋನ್ ಮಾಡಿ. ನಮ್ಮ ಹಳ್ಳಿಗಳ ಕಡೆ ಇದನ್ನು ಗಾಳಿ ಸೋಕಿದೆ ಅಂತಲೋ, ಮತ್ತೆ ಕುಡಿದಿದ್ದಾನೆ ಅಂತಲೋ ಅಂದುಕೊಂಡು ಎರಡು ದಿನ ಕಳೆದುಬಿಡುತ್ತಾರೆ. ಅಷ್ಟರಲ್ಲಿ ಮನುಷ್ಯ ಪ್ರಜ್ಞೆ ತಪ್ಪಿರುತ್ತಾನೆ.

ಈ ಗೊಂದಲಕ್ಕೆ ಮಲಬದ್ಧತೆಯೇ ಎಷ್ಟೋ ಸಲ ಕಾರಣ. ಮಲ ಸಡಿಲಿಸುವ ಲ್ಯಾಕ್ಟುಲೋಸ್ ಸಿರಪ್ ಕೊಡುವುದು ಅದಕ್ಕೇ. ಎಷ್ಟು ಎಂ.ಎಲ್. ಕುಡಿದರು ಅನ್ನುವುದಕ್ಕಿಂತ ದಿನಕ್ಕೆ 2–3 ಸಲ ಮೆತ್ತಗೆ ಹೊರಗೆ ಹೋಯಿತೇ ಅನ್ನುವುದು ಮುಖ್ಯ. ಆ ಲೆಕ್ಕವೂ ನೋಟ್‌ಬುಕ್ಕಿಗೆ ಬರಲಿ. ನೀರುನೀರಾಗಿ ಐದಾರು ಸಲ ಹೋದರೆ ಮೈಯ ನೀರು ಬತ್ತಿ ಮತ್ತೆ ಗೊಂದಲ ಶುರುವಾಗುತ್ತದೆ. ಡಾಕ್ಟರನ್ನು ಕೇಳಿ ಪ್ರಮಾಣ ಇಳಿಸಿ. ‘ಭೇದಿ ಆಗ್ತಿದೆ’ ಎಂದು ಸಿರಪ್ಪನ್ನೇ ನಿಲ್ಲಿಸಿಬಿಡುವುದು ನಾವು ಪದೇ ಪದೇ ಕಾಣುವ ತಪ್ಪು. ನಿದ್ದೆ ಮಾತ್ರೆಯಂತೂ ಬೇಡವೇ ಬೇಡ. ಜ್ವರ 100.4 ಡಿಗ್ರಿ ದಾಟಿದರೆ, ಹೊಟ್ಟೆ ನೋವು ಬಂದರೆ ಅದೇ ದಿನ ತೋರಿಸಿ: ಲಿವರ್ ಕಾಯಿಲೆಯಿಂದ ಹೊಟ್ಟೆಯೊಳಗೆ ತುಂಬಿದ ನೀರಿಗೇ ಸೋಂಕು ತಗುಲಿರಬಹುದು. ರಕ್ತ ವಾಂತಿಯೋ, ಡಾಂಬರಿನಂಥ ಕಪ್ಪು ಮಲವೋ ಕಂಡರೆ ಒಂದು ಗಳಿಗೆಯೂ ಕಾಯಬೇಡಿ.

ಊಟದ ವಿಷಯದಲ್ಲಿ ನಮ್ಮ ಸೀಮೆಗೆ ಒಂದು ಅನುಕೂಲವಿದೆ. ಮುದ್ದೆಗೆ ಉಪ್ಪು ಹಾಕುವುದಿಲ್ಲ. ತೊಂದರೆ ಇರುವುದು ಉಪ್ಪುಸಾರು, ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿಗಳಲ್ಲಿ. ಹೊಟ್ಟೆಗೆ ನೀರು ತುಂಬುವವರಿಗೆ ದಿನಕ್ಕೆ ಒಟ್ಟು 5 ಗ್ರಾಂ ಉಪ್ಪು, ಅಂದರೆ ಮಟ್ಟವಾಗಿ ಒಂದು ಟೀ ಚಮಚ. ಅಷ್ಟನ್ನೇ ಬೆಳಿಗ್ಗೆ ಪುಟ್ಟ ಡಬ್ಬಿಗೆ ಹಾಕಿಟ್ಟು, ಅವರ ಪಾಲಿನ ಸಾರನ್ನು ಉಪ್ಪು ಹಾಕುವ ಮೊದಲೇ ಬೇರೆ ತೆಗೆದು, ಆ ಡಬ್ಬಿಯಿಂದ ಚಿಟಿಕೆ ಹಾಕಿ. ಅಂಗಡಿಯ ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ನೀರಿಳಿಸುವ ಸ್ಪೈರನೊಲ್ಯಾಕ್ಟೋನ್ ಮಾತ್ರೆಯ ಜೊತೆ ಅದು ಹೃದಯಕ್ಕೇ ಅಪಾಯ. ಬೆಳಿಗ್ಗೆ ಶೌಚ ಮುಗಿಸಿ ತೂಕ ನೋಡಿ. ವಾರದಲ್ಲಿ 2 ಕಿಲೋ ಏರಿದರೆ ಫೋನ್ ಮಾಡಿ.

ಬೇಳೆ, ಕಾಳು, ಮೊಟ್ಟೆ ನಿಲ್ಲಿಸಬೇಕು ಅನ್ನುವುದು ಹಳೆಯ ಮಾತು, ತಪ್ಪು ಮಾತು. ತೂಕದ ಪ್ರತಿ ಕಿಲೋಗೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 60 ಕಿಲೋದವರಿಗೆ 72ರಿಂದ 90 ಗ್ರಾಂ. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ ಅಷ್ಟೆ. ಮಲಗುವ ಮುಂಚೆ ಹಾಲು ಹಾಕಿದ ರಾಗಿ ಗಂಜಿ ಕೊಡಿ. ರಾತ್ರಿಯಿಡೀ ಬರೀ ಹೊಟ್ಟೆಯಲ್ಲಿದ್ದರೆ ದೇಹ ತನ್ನ ಮಾಂಸಖಂಡವನ್ನೇ ಕರಗಿಸಿಕೊಳ್ಳುತ್ತದೆ, ಹಾಗೆ ಬಡಕಲಾದವರಿಗೆ ಆಪರೇಷನ್ ತಡೆದುಕೊಳ್ಳುವುದು ಕಷ್ಟ. ಕಾಮಾಲೆಗೆ ಅಂತ ಯಾರಾದರೂ ತಂದುಕೊಡುವ ನಾಟಿ ಔಷಧಿ, ಅಮೃತಬಳ್ಳಿ ಕಷಾಯ ಬೇಡ. ಅಮೃತಬಳ್ಳಿಯಿಂದಲೇ ಲಿವರ್ ಕೆಟ್ಟ ಪ್ರಕರಣಗಳಿವೆ. ಮೈಕೈ ನೋವಿಗೆ ಡೈಕ್ಲೋಫೆನಾಕ್ ನುಂಗಿದರೆ ಕಿಡ್ನಿಯೂ ಹೋಗಬಹುದು.

ಮನೆಯವರೇ ಲಿವರ್ ಭಾಗ ಕೊಡುವುದಾದರೆ 1994ರ ಅಂಗಾಂಗ ಕಸಿ ಕಾಯ್ದೆಯಂತೆ ಗಂಡ, ಹೆಂಡತಿ, ಅಪ್ಪ, ಅಮ್ಮ, ಮಕ್ಕಳು, ಒಡಹುಟ್ಟಿದವರು, ಅಜ್ಜ, ಅಜ್ಜಿ, ಮೊಮ್ಮಕ್ಕಳು ಹತ್ತಿರದ ಸಂಬಂಧಿಗಳು. ಉಳಿದವರಿಗೆ ಅನುಮತಿ ಸಮಿತಿಯ ಒಪ್ಪಿಗೆ ಬೇಕು. ನಾಡಕಚೇರಿಯಿಂದ ವಂಶವೃಕ್ಷ ಈಗಲೇ ಮಾಡಿಸಿಡಿ. ಆಧಾರ್‌ನಲ್ಲಿ ವೆಂಕಟೇಶ, ರೇಷನ್ ಕಾರ್ಡ್‌ನಲ್ಲಿ ವೆಂಕಟೇಶಪ್ಪ ಎಂದಿದ್ದರೆ ಅಷ್ಟಕ್ಕೇ ಕಡತ ನಿಲ್ಲಬಹುದು. ಕೊಡುವವರು ಕೊನೇ ಗಳಿಗೆಯಲ್ಲಿ ಬೇಡ ಅಂದರೂ ಅದು ಅವರ ಹಕ್ಕು. ದಯವಿಟ್ಟು ಯಾರನ್ನೂ ನಡುಮನೆಯಲ್ಲಿ ಕೂರಿಸಿಕೊಂಡು ಒತ್ತಾಯ ಮಾಡಬೇಡಿ.

ಮೆದುಳು ನಿಷ್ಕ್ರಿಯವಾದವರ ಲಿವರ್ ನಮ್ಮ ರಾಜ್ಯದಲ್ಲಿ ಹಂಚಿಕೆಯಾಗುವುದು ಜೀವಸಾರ್ಥಕತೆ ಸಂಸ್ಥೆಯ ಮೂಲಕ. ಇದು ಪಡಿತರ ಅಂಗಡಿಯ ಸಾಲಿನಂತಲ್ಲ: ರಕ್ತದ ಗುಂಪು ಹೊಂದಬೇಕು, ಲಿವರ್ ಗಾತ್ರವೂ ಹೊಂದಬೇಕು. ಕರೆ ಯಾವ ಹೊತ್ತಿಗಾದರೂ ಬರಬಹುದು. ತುಮಕೂರಿನಿಂದ ಬೆಂಗಳೂರು 70 ಕಿ.ಮೀ.; ಆದರೆ ನೆಲಮಂಗಲ, ಪೀಣ್ಯದ ಟ್ರಾಫಿಕ್ಕನ್ನೂ ಲೆಕ್ಕಕ್ಕೆ ಹಿಡಿಯಿರಿ. ಪಾವಗಡದವರಿಗೆ ದೂರ ಇನ್ನೂ ಜಾಸ್ತಿ. ಇಬ್ಬರು ಕಾರು ಡ್ರೈವರ್‌ಗಳಿಗೆ ಮೊದಲೇ ಹೇಳಿಟ್ಟು, ಅವರ ನಂಬರನ್ನು ನೋಟ್‌ಬುಕ್ಕಿನ ರಟ್ಟಿನ ಮೇಲೆ ಬರೆದಿಡಿ. ಆಸ್ಪತ್ರೆಯವರ ಬಳಿ ಮನೆಯ ಮೂವರ ನಂಬರಾದರೂ ಇರಲಿ. ಕರೆ ಬಂದ ಕೂಡಲೇ ಊಟ, ನೀರು ಯಾವಾಗ ನಿಲ್ಲಿಸಬೇಕೆಂದು ಕೇಳಿ.

ಹೋದಮೇಲೂ ವಾಪಸ್ ಕಳಿಸಬಹುದು. ದಾನಿಯ ಹೊಟ್ಟೆ ತೆರೆದು ನೋಡಿದಾಗ ಲಿವರ್‌ನಲ್ಲಿ ಕೊಬ್ಬು ಜಾಸ್ತಿ ಇದ್ದರೆ ಸರ್ಜನ್ ಬೇಡ ಅನ್ನುತ್ತಾರೆ. ಕೆಲವೊಮ್ಮೆ ಅದೇ ಲಿವರ್‌ಗೆ ಇನ್ನೊಬ್ಬ ರೋಗಿಯನ್ನೂ ಬದಲಿಯಾಗಿ ಕರೆಸಿಕೊಂಡಿರುತ್ತಾರೆ, ಅದು ಅವರಿಗೆ ಹೋಗಬಹುದು. ಮುಂಚೆಯೇ ರೋಗಿಗೂ ಇದನ್ನು ತಿಳಿಸಿರಿ. ಮನೆಗೆ ಬಂದ ಮೇಲೆ ಗಂಜಿ ಕೊಡಿ, ತಪ್ಪಿದ ಸಿರಪ್ಪಿನ ಬಗ್ಗೆ ಆಸ್ಪತ್ರೆಯವರನ್ನು ಕೇಳಿ. ಆಸ್ಪತ್ರೆಗೆಂದು ಕಟ್ಟಿದ ಬ್ಯಾಗ್ ಬಿಚ್ಚಬೇಡಿ, ಕರೆ ಮತ್ತೆ ಬರಬಹುದು.