ಫಲಕ ಕಿತ್ತವರು ಯಾರು?

ವರ್ಣಭೇದದ ಕತೆ ಹೇಳುವ ಸಿನಿಮಾ ನೋಡುವಾಗ ಅವಮಾನ ಯಾರಿಗಾಯಿತು ಅನ್ನುವುದು ತಾನಾಗಿ ಕಣ್ಣಿಗೆ ಬೀಳುತ್ತದೆ. ಹುಡುಕಿ ನೋಡಬೇಕಾದ್ದು ಅದಕ್ಕೆ ಉತ್ತರ ಕೊಟ್ಟವರು ಯಾರು ಅನ್ನುವುದನ್ನು.

‘ಹಿಡನ್ ಫಿಗರ್ಸ್’ (2016) ತೆಗೆದುಕೊಳ್ಳಿ. ನಾಸಾದ ಗಣಿತಜ್ಞೆ ಕ್ಯಾಥರೀನ್ ಜಾನ್ಸನ್ ಅವರ ಪಾತ್ರ, ಕಪ್ಪುವರ್ಣೀಯರಿಗೆಂದು ಮೀಸಲಿಟ್ಟ ಶೌಚಾಲಯಕ್ಕೆ ಕಡತ ಹೊತ್ತುಕೊಂಡೇ ಅರ್ಧ ಮೈಲಿ ಓಡುತ್ತದೆ. ಒಂದು ದಿನ ಮಳೆಯಲ್ಲಿ ತೊಯ್ದು ಬಂದವಳು ಇಡೀ ಕಚೇರಿಯೆದುರು ಸಿಡಿದೇಳುತ್ತಾಳೆ. ಒಳ್ಳೆಯ ದೃಶ್ಯ. ಆದರೆ ಬೆನ್ನಿಗೇ ಕೆವಿನ್ ಕಾಸ್ಟ್ನರ್ ಅಭಿನಯಿಸಿದ ಬಿಳಿಯ ಮೇಲಧಿಕಾರಿ ಬಂದು ಶೌಚಾಲಯದ ಫಲಕವನ್ನು ಬಡಿದು ಕೆಡವುತ್ತಾನೆ, ಚಪ್ಪಾಳೆ ಅವನ ಪಾಲಾಗುತ್ತದೆ. ಆ ಅಧಿಕಾರಿ ಕಲ್ಪಿತ ಪಾತ್ರ. ವಾಸ್ತವದಲ್ಲಿ ಜಾನ್ಸನ್ ತಮ್ಮ ಕಟ್ಟಡದಲ್ಲಿ ಬಿಳಿಯರು ಬಳಸುತ್ತಿದ್ದ ಶೌಚಾಲಯವನ್ನೇ ಯಾರನ್ನೂ ಕೇಳದೆ ಬಳಸುತ್ತಿದ್ದರು.

ಫಲಕದ ನಿಜವಾದ ಕತೆ 1940ರ ದಶಕದ್ದು. ಜಾನ್ಸನ್ ಮುಂದೆ ಸೇರಿದ ಲ್ಯಾಂಗ್ಲಿ ಪ್ರಯೋಗಾಲಯದ ಊಟದ ಕೋಣೆಯಲ್ಲಿ ಕಪ್ಪುವರ್ಣೀಯ ಲೆಕ್ಕಿಗರು ಕೂರಬೇಕಾದ ಮೇಜಿನ ಮೇಲೆ ಒಂದು ಪುಟ್ಟ ಫಲಕ ಇರುತ್ತಿತ್ತು. ಅವರಲ್ಲೊಬ್ಬರಾದ ಮಿರಿಯಮ್ ಮ್ಯಾನ್ ಅದನ್ನೆತ್ತಿ ತಮ್ಮ ಕೈಚೀಲಕ್ಕೆ ಹಾಕಿಕೊಂಡರು. ಹೊಸದು ಬಂತು, ಅದನ್ನೂ ಹಾಕಿಕೊಂಡರು. ಹೀಗೇ ನಡೆದು ಕೊನೆಗೆ ಫಲಕ ಬರುವುದೇ ನಿಂತಿತು. ಇಂಥ ಪ್ರಸಂಗ ಕೈಯಲ್ಲಿದ್ದೂ ಕಲ್ಪಿತ ಅಧಿಕಾರಿಯ ಕೈಗೆ ಆಯುಧ ಕೊಟ್ಟದ್ದು ಚಿತ್ರಕತೆಯ ಸೋಮಾರಿತನ ಎಂದೇ ನನ್ನ ಅನಿಸಿಕೆ.

ಅರ್ಧ ಶತಮಾನ ಹಳೆಯ ಚಿತ್ರವೊಂದು ಇದನ್ನು ಎಷ್ಟೋ ಚೆನ್ನಾಗಿ ನಿಭಾಯಿಸಿತ್ತು. ‘ಇನ್ ದ ಹೀಟ್ ಆಫ್ ದ ನೈಟ್’ (1967) ಚಿತ್ರದಲ್ಲಿ ಫಿಲಡೆಲ್ಫಿಯಾದ ಪತ್ತೇದಾರ ವರ್ಜಿಲ್ ಟಿಬ್ಸ್ (ಸಿಡ್ನಿ ಪೊಯ್ಟಿಯೆ) ಕೊಲೆಯೊಂದರ ತನಿಖೆಗಾಗಿ ಮಿಸಿಸಿಪಿಯ ಹತ್ತಿ ಜಮೀನ್ದಾರ ಎಂಡಿಕಾಟ್‌ನ ಹಸಿರುಮನೆಗೆ ಹೋಗುತ್ತಾನೆ. ಮೊದಲು ಆರ್ಕಿಡ್ ಹೂಗಳ ಮಾತು, ನಯವಾಗಿಯೇ. ಆ ಗಿಡಗಳಿಗೂ ಕಪ್ಪುಜನರಿಗೂ ಒಂದೇ ಬಗೆಯ ಆರೈಕೆ ಬೇಕು ಎಂದು ಜಮೀನ್ದಾರ ಹೋಲಿಸುತ್ತಾನೆ. ಕೊಲೆಯ ಬಗ್ಗೆ ತನ್ನನ್ನೇ ಪ್ರಶ್ನಿಸುತ್ತಿದ್ದಾನೆಂದು ಗೊತ್ತಾದ ಕೂಡಲೇ ಎಂಡಿಕಾಟ್ ಟಿಬ್ಸ್‌ನ ಕೆನ್ನೆಗೆ ಬಾರಿಸುತ್ತಾನೆ. ಮರುಕ್ಷಣವೇ ಟಿಬ್ಸ್ ತಿರುಗಿಸಿ ಬಾರಿಸುತ್ತಾನೆ. ತಟ್ಟೆ ಹಿಡಿದು ನಿಂತ ಕಪ್ಪುವರ್ಣೀಯ ಸೇವಕ ಎಲ್ಲವನ್ನೂ ನೋಡುತ್ತಾನೆ. ಈಗೇನು ಮಾಡುತ್ತೀ ಎಂದು ಜಮೀನ್ದಾರ ಕೇಳಿದರೆ, ಟಿಬ್ಸ್ ಜೊತೆ ಬಂದಿದ್ದ ಬಿಳಿಯ ಪೊಲೀಸ್ ಮುಖ್ಯಸ್ಥನ ಬಳಿ ಉತ್ತರವಿಲ್ಲ. ಟಿಬ್ಸ್ ಪರವಾಗಿ ಕೈ ಎತ್ತಲು ಇಲ್ಲಿ ಇನ್ನೊಬ್ಬ ಬೇಕಾಗಲಿಲ್ಲ. (ಶ್ರೇಷ್ಠ ನಟ ಆಸ್ಕರ್ ಮಾತ್ರ ಪೊಲೀಸ್ ಮುಖ್ಯಸ್ಥನ ಪಾತ್ರದ ರಾಡ್ ಸ್ಟೈಗರ್‌ಗೆ ಹೋಯಿತು, ಪೊಯ್ಟಿಯೆ ಹೆಸರು ನಾಮನಿರ್ದೇಶನದಲ್ಲೂ ಇರಲಿಲ್ಲ.)

ಇದೇ ಚಿತ್ರದ ಬೆಳಕನ್ನೂ ಗಮನಿಸಿ. ಬಿಳಿ ಚರ್ಮವನ್ನೇ ಅಳತೆಗೋಲಾಗಿಟ್ಟುಕೊಂಡ ಹಾಲಿವುಡ್ಡಿನ ರೂಢಿಯ ಬೆಳಕು ಕಪ್ಪು ಚರ್ಮದ ಮೇಲೆ ಅತಿಯಾಗಿ ಹೊಳಪು ಹೊಡೆಯುತ್ತಿತ್ತು. ಛಾಯಾಗ್ರಾಹಕ ಹ್ಯಾಸ್ಕೆಲ್ ವೆಕ್ಸ್ಲರ್ ಅದನ್ನು ತಗ್ಗಿಸಿ ಪೊಯ್ಟಿಯೆ ಮುಖ ಸರಿಯಾಗಿ ಕಾಣುವಂತೆ ಮಾಡಿದರು. ಬಿಳಿ ಮತ್ತು ಕಪ್ಪು ಮುಖ ಒಂದೇ ಚೌಕಟ್ಟಿನಲ್ಲಿದ್ದಾಗ ಎಕ್ಸ್‌ಪೋಷರನ್ನು (ಕ್ಯಾಮೆರಾ ಒಳಬಿಡುವ ಬೆಳಕಿನ ಪ್ರಮಾಣವನ್ನು) ಬಿಳಿ ಮುಖಕ್ಕಷ್ಟೇ ಹೊಂದಿಸಿದರೆ ಇನ್ನೊಂದು ನೆರಳಾಗಿ, ಕಣ್ಣು ಹಲ್ಲುಗಳಷ್ಟೇ ಉಳಿಯುತ್ತವೆ. ನೇರ ದೀಪ ಹೆಚ್ಚಿಸುವುದು ಇದಕ್ಕೆ ಮದ್ದಲ್ಲ. ಪಕ್ಕದಿಂದ ಅಗಲವಾದ ಮೆದು ಬೆಳಕು ಬಿದ್ದರೆ ಕೆನ್ನೆ, ದವಡೆಯ ಏರಿಳಿತ ಮೂಡುತ್ತದೆ. ಮುಖಭಾವವೇ ಕಾಣದ ಪಾತ್ರಕ್ಕೆ ಎಂಥ ಸಂಭಾಷಣೆ ಬರೆದರೇನು?

ಇನ್ನೊಂದು ಪರೀಕ್ಷೆ: ಧ್ವನಿ ನಿಲ್ಲಿಸಿ ನೋಡಿ, ಅವಮಾನದ ಪ್ರತಿ ದೃಶ್ಯವೂ ಯಾರ ಮುಖದ ಮೇಲೆ ಮುಗಿಯುತ್ತದೆಂದು ಬರೆದುಕೊಳ್ಳಿ. ‘ಟು ಕಿಲ್ ಎ ಮಾಕಿಂಗ್‌ಬರ್ಡ್’ (1962) ಇಲ್ಲಿ ಎಡವುತ್ತದೆ. ತೀರ್ಪಿನ ಬಳಿಕ ನ್ಯಾಯಾಲಯದ ಮೇಲಟ್ಟದ ಕಪ್ಪುವರ್ಣೀಯರೆಲ್ಲ ಎದ್ದು ನಿಲ್ಲುವುದು ಆರೋಪಿಯ ಪರ ವಾದಿಸಿದ ಬಿಳಿಯ ವಕೀಲನಿಗಾಗಿ. ಕಪ್ಪುವರ್ಣೀಯ ಆರೋಪಿ ಟಾಮ್ ರಾಬಿನ್‌ಸನ್‌ನನ್ನು ಅಷ್ಟರಲ್ಲಿ ಒಯ್ದಾಗಿರುತ್ತದೆ. ಅವನ ಸಾವೂ ತೆರೆಯಾಚೆಗೇ. ಆದರೆ ಸಾಕ್ಷಿಕಟ್ಟೆಯ ದೃಶ್ಯಕ್ಕೆ ಈ ಆಕ್ಷೇಪ ಸಲ್ಲದು. ತನ್ನ ಮೇಲೆ ಅತ್ಯಾಚಾರದ ದೂರು ಕೊಟ್ಟ ಬಿಳಿಯ ಹುಡುಗಿಯನ್ನು ಕಂಡು ಅಯ್ಯೋ ಅನ್ನಿಸಿತ್ತು ಎಂದು ಟಾಮ್ ಹೇಳುತ್ತಾನೆ, ಸರ್ಕಾರಿ ವಕೀಲ ಅದನ್ನೇ ಅಪರಾಧವೆಂಬಂತೆ ಹಿಡಿದು ಜಗ್ಗುತ್ತಾನೆ. ಟಾಮ್ ಪಾತ್ರದ ಬ್ರಾಕ್ ಪೀಟರ್ಸ್ ಮುಖ ಬಿಟ್ಟು ಬೇರೆಡೆ ನೋಡಬೇಕೆಂದು ಅಲ್ಲಿ ಅನ್ನಿಸುವುದೇ ಇಲ್ಲ.